ಡೋಣಿ, ಘಟಪ್ರಭಾ ಮತ್ತು ಕೊತ್ವಾಲ್ ಸರ್

ಭಾನುವಾರ ಸಂಜೆ ಆರು ಗಂಟೆ ಆಯಿತೆಂದರೆ ಈಗಲೂ ನನಗೆ ಯಾರದೋ ದಂಡು ಬಂದು ತಲುಪಬೇಕಿತ್ತಲ್ಲ ಎನಿಸುತ್ತದೆ. ಮನೆಗೆ ಬಂದ ನೆಂಟರು ಮಾತಾಡುತ್ತಿರುತ್ತಾರೆ, ನಾನು ಹೂಂ ಹೂಂ ಅನ್ನುತ್ತಲೇ ಗೋಡೆ ಗಡಿಯಾರ ನೋಡುತ್ತೇನೆ. ಪಾಪ, ಅವರು ಇವಳಿಗೆ ನಾವು ಎದ್ದು ಹೋದರೆ ಸಾಕಾಗಿದೆ ಎಂದು ತಿಳಿದು ಚಪ್ಪಲಿ ಹುಡುಕುತ್ತಾರೆ. ಹೀಗೆ ಎಷ್ಟು ಜನ ನಮ್ಮ ಮನೆಯಿಂದ ಚಹಾ ಕುಡಿಯದೆ ಹೋಗಿದ್ದಾರೋ ಲೆಕ್ಕವಿಲ್ಲ. ಅವರೆಲ್ಲರ ಕ್ಷಮೆಯನ್ನು ಇಲ್ಲಿಯೇ ಕೇಳಿಬಿಡುತ್ತೇನೆ. ನನ್ನ ಚಿತ್ತ ಅಂಥ ಹೊತ್ತಿನಲ್ಲಿ ನಿಮ್ಮ ಮೇಲಿರಲಿಲ್ಲ, ಬಿಜಾಪುರದ ಕುದುರೆಗಳ ಮೇಲಿತ್ತು.

ವಿಷಯ ಇಷ್ಟೆ. ಎರಡು ಸಾವಿರದ ಆರು-ಏಳರ ಸುಮಾರಿಗೆ ನಾನು ಪಣಜಿಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಹಗಲು ಪಾಲಿಸಿಯ ಕಾಗದ ತಿರುವಿಹಾಕುವುದು, ಉಳಿದ ಹೊತ್ತಿನಲ್ಲಿ ಹದಿನಾರನೆಯ ಶತಮಾನದ ದಖ್ಖನ್ ಸೀಮೆಯನ್ನು ನಡೆಸುವುದು. ನಗಬೇಡಿ, ಖಂಡಿತವಾಗಿ ನಡೆಸುತ್ತಿದ್ದೆ. ಅಂತರ್ಜಾಲದಲ್ಲಿ ಇತಿಹಾಸದ ಹುಚ್ಚಿನವರು ಸೇರುವ ಒಂದು ಫೋರಂ ಇತ್ತು. ಅದರ ಒಂದು ಮೂಲೆಯಲ್ಲಿ ಎಂಟು ಜನ ಎಂಟು ರಾಜ್ಯ ಹಿಡಿದು ಆಡುತ್ತಿದ್ದರು. ಒಂದು ನಕ್ಷೆ ಬಿಟ್ಟರೆ ಚಿತ್ರವಿಲ್ಲ, ಸದ್ದಿಲ್ಲ, ಬರೀ ಬರಹ. ಪ್ರತಿ ಭಾನುವಾರ ಸಂಜೆ ಆರರೊಳಗೆ ಪ್ರತಿಯೊಬ್ಬರೂ ತಮ್ಮ ರಾಜ್ಯದ ಆದೇಶಗಳನ್ನು ಗುಟ್ಟಾಗಿ ಪಂಚನಿಗೆ ಕಳಿಸಬೇಕು: ಇಂತಿಷ್ಟು ದಂಡು ಇಲ್ಲಿಗೆ ಹೋಗಲಿ, ಇಂತಿಷ್ಟು ಗಾಡಿ ಧಾನ್ಯ ಅಲ್ಲಿಗೆ ಬರಲಿ ಎಂದು. ಪಂಚ ಎಲ್ಲವನ್ನೂ ಕೂಡಿಸಿ, ಯಾರು ಗೆದ್ದರು ಯಾರು ಸೋತರು ಎಂದು ಬುಧವಾರ ಎಲ್ಲರೆದುರು ಬರೆಯಬೇಕು. ಆ ಪಂಚ ನಾನು.

ಫೋರಮ್ಮಿನಲ್ಲಿ ನನ್ನ ಹೆಸರು ಕೊತ್ವಾಲ್. ಹೆಸರು ನೋಡಿಯೇ ಎಲ್ಲರೂ 'ಕೊತ್ವಾಲ್ ಸರ್' ಎಂದರು. ನಾನು ತಿದ್ದಲಿಲ್ಲ. ಕಚೇರಿಯಲ್ಲಿ ಹನ್ನೊಂದು ವರ್ಷ ದುಡಿದರೂ ಯಾರೂ ನನ್ನನ್ನು ಏನೆಂದೂ ಕರೆದಿರಲಿಲ್ಲ, ಬೆಲ್ ಒತ್ತುತ್ತಿದ್ದರು ಅಷ್ಟೆ. ಸರ್ ಎನಿಸಿಕೊಳ್ಳುವುದು ಹಿತವಾಗಿಯೇ ಇತ್ತು.

ಪಂಚನ ಕೆಲಸ ನನಗೆ ಹೊಸದಲ್ಲ. ಧಾರವಾಡದ ನಮ್ಮ ಓಣಿಯಲ್ಲಿ ಹುಡುಗಿಯರೆಲ್ಲ ಲಗೋರಿ ಆಡುವಾಗ ನನ್ನನ್ನು ಎರಡೂ ಗುಂಪಿನವರು ಬೇಡ ಎನ್ನುತ್ತಿದ್ದರು. ನಾನು ಎಸೆದ ಚೆಂಡು ಲಗೋರಿ ಕಲ್ಲನ್ನು ಬಿಟ್ಟು ಉಳಿದೆಲ್ಲಕ್ಕೂ ತಗಲುತ್ತಿತ್ತು. ಎದುರುಮನೆಯ ಕಾಕಾರ ಕನ್ನಡಕಕ್ಕೂ ಒಮ್ಮೆ ತಗಲಿತು. ಅಂದಿನಿಂದ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ 'ನೀ ಪಂಚ' ಎಂದುಬಿಟ್ಟರು. ಆಡಲು ಬಾರದವರಿಗೆ ಆಟದ ನ್ಯಾಯ ಹೇಳುವ ಅಧಿಕಾರ ಸಿಗುವುದು ನಮ್ಮ ದೇಶದಲ್ಲಿ ಅಪರೂಪವೇನಲ್ಲ, ಬಿಡಿ. ಆದರೆ ಕಟ್ಟೆಯ ಮೇಲೆ ಕೂತು 'ಔಟ್' ಎಂದು ಕೂಗುವ ರುಚಿ ಒಮ್ಮೆ ಹತ್ತಿತೆಂದರೆ ಇಳಿಯುವುದಿಲ್ಲ.

ಗೋವಾದಲ್ಲಿದ್ದವಳು ಗೋವಾದ ಗಾಳಿಯನ್ನು ಆಟಕ್ಕೂ ತಂದಿದ್ದೆ. ಮಳೆಗಾಲದಲ್ಲಿ ಮಾಂಡೋವಿಯ ದಂಡೆಗೆ ಮೀನಿನ ಟ್ರಾಲರುಗಳನ್ನೆಲ್ಲ ಕಟ್ಟಿಹಾಕಿರುವುದನ್ನು ಫೆರಿಯಿಂದ ದಿನಾ ನೋಡುತ್ತಿದ್ದೆ. ಹಾಗಾಗಿ ನನ್ನ ಆಟದಲ್ಲೂ ಮಳೆಗಾಲದ ವಾರಗಳಲ್ಲಿ ಹಡಗು ಬಿಡುವಂತಿಲ್ಲ. ಪುಣೆಯ ಒಬ್ಬರು ಪೋರ್ಚುಗೀಸರ ಗೋವಾ ಹಿಡಿದಿದ್ದರು, ಈ ನಿಯಮಕ್ಕೆ ಅವರು ಮಾಡಿದ ವಾದ ಒಂದು ಪುಸ್ತಕವಾದೀತು. ಯುದ್ಧದಲ್ಲಿ ಅದೃಷ್ಟ ನೋಡಲು ನಾನು ಎಸೆಯುತ್ತಿದ್ದುದು ಚೌಕಾಬಾರದ ನಾಲ್ಕು ಕವಡೆ. ಆ ಸದ್ದು ಕೇಳಿಯೇ ನಮ್ಮ ಅತ್ತೆ ಮೊದಲ ಸಲ ನನ್ನ ಕೋಣೆಗೆ ಬಂದದ್ದು.

ಅತ್ತೆ ಬೆಳಗಾವಿಯಲ್ಲಿ ಖಾನಾವಳಿ ನಡೆಸಿದವರು. ಕಾಲೇಜಿನ ನಲವತ್ತು ಹುಡುಗರಿಗೆ ಎರಡು ಹೊತ್ತು ರೊಟ್ಟಿ, ಪಲ್ಯ, ಸಾರು. ಮೊಣಕಾಲು ಮಾತು ಕೇಳದಾದಾಗ ಖಾನಾವಳಿ ಮುಚ್ಚಿ ನಮ್ಮ ಪಣಜಿಯ ಎರಡು ಕೋಣೆಯ ಮನೆಗೆ ಬಂದರು. ಇಲ್ಲಿ ಮೂರು ಜನರ ಅಡುಗೆ. ಅವರ ಕೈ ಮೂರಕ್ಕೆ ಒಗ್ಗಲಿಲ್ಲ, ಸಾರು ದಿನಾ ಉಳಿಯುತ್ತಿತ್ತು. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಮಾತೂ ಇರಲಿಲ್ಲ. 'ಉಪ್ಪು ಕಡಿಮಿ ಆಗೇದೇನು' 'ಇಲ್ಲರಿ, ಬರೋಬ್ಬರಿ ಅದ' ಎಂಬಲ್ಲಿಗೆ ನಮ್ಮ ದಿನದ ವ್ಯವಹಾರ ಮುಗಿಯುತ್ತಿತ್ತು.

"ಏನವಾ ಸುಮಾ, ದಿನಾ ಆ ಡಬ್ಬಿ ಮುಂದ ಕುಂತು ಯಾರ ಜೋಡಿ ಜಗಳಾ ಮಾಡ್ತಿ?" ಎಂದರು ಅಂದು ಬಾಗಿಲಲ್ಲಿ ನಿಂತು.

"ಜಗಳಾ ಮಾಡೂದಿಲ್ರಿ ಅತ್ಯಾರ, ಜಗಳಾ ಬಿಡಸ್ತೇನಿ" ಎಂದೆ. ಅವರು ಕವಡೆ ನೋಡಿದರು, ನನ್ನನ್ನು ನೋಡಿದರು, ಹೋದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಲಗೋರಿ, ಟ್ರಾಲರು ಎಂದು ಸುತ್ತಿದ್ದು ಅದನ್ನು ಹೇಳಲು ಹಿಂಜರಿದೇ.

ಆಟದಲ್ಲಿ ಬಿಜಾಪುರ ಹಿಡಿದವರ ಹೆಸರು ಡೋಣಿ. ವಿಜಯನಗರ ಹಿಡಿದವರ ಹೆಸರು ಘಟಪ್ರಭಾ. ಇಬ್ಬರೂ ಒಂದೇ ವಾರ ಸೇರಿದ್ದರು, ಇಬ್ಬರ ಆದೇಶವೂ ಭಾನುವಾರ ಮಧ್ಯಾಹ್ನ ಅರ್ಧ ತಾಸಿನ ಅಂತರದಲ್ಲಿ ಬರುತ್ತಿತ್ತು. ನಕ್ಷೆಯಲ್ಲಿ ಮೈಗೆ ಮೈ ತಗಲಿದ ಎರಡು ದೊಡ್ಡ ರಾಜ್ಯಗಳು ಒಮ್ಮೆಯೂ ಕಾದಾಡಲಿಲ್ಲ. ಬದಲಿಗೆ ಡೋಣಿಯ ದಂಡಿಗೆ ಘಟಪ್ರಭಾ ಕೃಷ್ಣೆ ದಾಟಿಸಿ ಧಾನ್ಯ ಕಳಿಸುತ್ತಿದ್ದರು. ನನ್ನ ನಿಯಮದಲ್ಲಿ ಧಾನ್ಯದ ಗಾಡಿ ಇಲ್ಲದೆ ಹೊರಟ ದಂಡಿನ ಮೂರನೆಯ ಒಂದು ಪಾಲು ಚದುರಿಹೋಗುತ್ತದೆ. ಡೋಣಿ ಪ್ರತಿ ಸಲ ಕುದುರೆ ಬರೆಯುತ್ತಿದ್ದರು, ಗಾಡಿ ಮರೆಯುತ್ತಿದ್ದರು.

ಉಳಿದವರು ಗೊಣಗಿದರು. ಇಬ್ಬರೂ ಒಬ್ಬನೇ ಇರಬೇಕು, ಎರಡು ಖಾತೆ ತೆರೆದಿದ್ದಾನೆ, ನೋಡಿ ಸರ್ ಎಂದರು. ಯಾವ ಸಂಪರ್ಕದಿಂದ ಬರೆದರು ಎಂದು ತೋರಿಸುವ ಐಪಿ ಸಂಖ್ಯೆ ಪಂಚನಿಗೆ ಕಾಣುತ್ತದೆ. ನೋಡಿದೆ. ಎರಡೂ ಒಂದೇ. ಹೆಸರುಗಳೋ ನಮ್ಮ ಸೀಮೆಯ ಎರಡು ಹೊಳೆಗಳದ್ದು. ನನಗೆ ಕಳ್ಳ ಸಿಕ್ಕಿದ ಸಂತೋಷ.

ಕಾರಣ ಕೇಳಿ ಬರೆದೆ. ಡೋಣಿಯ ಉತ್ತರ ಬಂತು: 'ಸರ್, ನಾವು ಇಬ್ಬರು. ಘಟಪ್ರಭಾ ನನ್ನ ಹೆಂಡತಿ. ಕುಡಚಡೆಯಲ್ಲಿ ಇದ್ದೇವೆ, ಸ್ಟೇಶನ್ ರಸ್ತೆಯ ಕೆಫೆಯಲ್ಲಿ ಒಂದೇ ಗಣಕದ ಮುಂದೆ ಸರದಿಯಂತೆ ಕೂರುತ್ತೇವೆ. ಯಾವ ಭಾನುವಾರ ಬೇಕಾದರೂ ಬಂದು ನೋಡಿ.' ನಾನು ನಕ್ಕೆ. ಎರಡು ಖಾತೆಯವರೆಲ್ಲ ಮೊದಲು ಹೇಳುವುದು ಇದನ್ನೇ. ಒಬ್ಬ ತಮ್ಮ ಅನ್ನುತ್ತಾನೆ, ಒಬ್ಬ ರೂಮಿನ ಗೆಳೆಯ ಅನ್ನುತ್ತಾನೆ. ಇವನು ಹೆಂಡತಿ ಎಂದದ್ದು ಹೊಸದು, ಅಷ್ಟೆ. ಯುದ್ಧದ ಆಟ ಆಡುವ ಹೆಂಡತಿಯಂತೆ! ಇಬ್ಬರನ್ನೂ ಹೊರಹಾಕಿದೆ. 'ಡೋಣಿ ಮತ್ತು ಘಟಪ್ರಭಾ ಒಬ್ಬನೇ ವ್ಯಕ್ತಿ' ಎಂದು ತೀರ್ಪು ಬರೆದು, ಯಾರು ಬಂದರೂ ಮೊದಲು ಕಣ್ಣಿಗೆ ಬೀಳುವಂತೆ ಪುಟದ ತುದಿಯಲ್ಲಿ ಮೊಳೆ ಹೊಡೆದ ಹಾಗೆ ನಿಲ್ಲಿಸಿದೆ. ಕುಡಚಡೆ ನಮ್ಮ ಮನೆಯಿಂದ ಎರಡು ಬಸ್ಸಿನ ದಾರಿ. ಹೋಗಿ ನೋಡೋಣ ಎಂದು ಅನಿಸಲೇ ಇಲ್ಲ.

ತೀರ್ಪಿನ ಜಂಭ ಎರಡು ವಾರ ಇತ್ತು. ಆಮೇಲೆ ಆಟ ಕುಂಟತೊಡಗಿತು. ನಕ್ಷೆಯ ನಟ್ಟನಡುವೆ ಎರಡು ರಾಜ್ಯ ಬಿಕೋ ಎನ್ನುತ್ತಿದ್ದವು. ಎಲ್ಲರೂ ಖಾಲಿ ಊರು ನುಂಗಲು ಹೊರಟರೆ ಆಟ ಎಲ್ಲಿ ಉಳಿಯುತ್ತದೆ? ಹೊಸಬರು ಸಿಗಲಿಲ್ಲ. ಒಂದು ದಿನ ಅತ್ತೆ ಅಕ್ಕಿ ಹಸನು ಮಾಡುತ್ತ ಕೂತಿದ್ದಾಗ ಈ ಗೋಳನ್ನು, ಡೋಣಿ ಹೇಳಿದ ಹೆಂಡತಿಯ ಕತೆಯನ್ನೂ ಸೇರಿಸಿ, ಸುಮ್ಮನೆ ಹೇಳಿಕೊಂಡೆ. ಬೇರೆ ಯಾರಿಗೆ ಹೇಳಲಿ? ನಮ್ಮವರಿಗೆ ಹೇಳಿದರೆ ಮುಗುಳ್ನಕ್ಕು ಪೇಪರ್ ತಿರುವುತ್ತಿದ್ದರು.

"ಹತ್ತ ಸಾವಿರ ಮಂದಿ ದಂಡ ಅಂದಿ. ಅವರಿಗೆ ಉಣ್ಣಾಕ ಏನ ಹಾಕ್ತಾರ?" ಎಂದರು ಅತ್ತೆ, ಮೊರದಿಂದ ತಲೆ ಎತ್ತದೆ.

"ಗಾಡಿ ಕಳಸಬೇಕ್ರಿ. ಆದ್ರ ಯಾರೂ ನೆಪ್ಪ ಇಡೂದಿಲ್ಲ."

"ನೆಪ್ಪ ಇಡೂದಿಲ್ಲಂದ್ರ? ನಮ್ಮ ಖಾನಾವಳ್ಯಾಗ ರೊಟ್ಟಿ ಹತ್ತು ನಿಮಿಷ ತಡಾ ಆದ್ರ ಹುಡುಗೂರು ತಾಟ ಬಡೀತಿದ್ರು. ಆ ರಾಜ್ಯಾ ಇತ್ತಾಗ ಕೊಡು, ನಾ ನೋಡ್ತೇನಿ."

ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಹೊಸ ಹೆಸರಿನ ಒಂದು ಖಾತೆ ತೆರೆದೆ, ಅತ್ತೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ನನಗೆ ನಾನೇ ಕಳಿಸಿಕೊಂಡೆ. ಪಂಚನ ಮನೆಯವರು ಆಡುವಂತಿಲ್ಲ ಎಂದು ನಿಯಮ ಬರೆದವಳೂ ನಾನೇ. ಹೊಸಬರು ಸಿಗುವವರೆಗೆ ಮಾತ್ರ ಎಂದು ಸಮಾಧಾನ ಹೇಳಿಕೊಂಡೆ. ಒಂದು ಮಾತು ಹೇಳುತ್ತೇನೆ, ಪಕ್ಷಪಾತ ಮಾಡಲಿಲ್ಲ, ಕವಡೆ ಬಿದ್ದ ಹಾಗೆಯೇ ಬರೆದೆ. ಅತ್ತೆ ಮೊದಲ ವಾರವೇ ಬಿಜಾಪುರದ ಅರ್ಧ ಕುದುರೆ ಮಾರಿ ಜೋಳ ತುಂಬಿಸಿದರು. ನಾಲ್ಕು ವಾರದಲ್ಲಿ ಪುಣೆಯವರನ್ನು ಕೊಂಕಣದ ಘಟ್ಟದ ಕೆಳಗೆ ಹಸಿವಿನಿಂದಲೇ ಸೋಲಿಸಿದರು. ನಮ್ಮ ಮನೆಯಲ್ಲಿ ಮಾತು ಶುರುವಾಗಿದ್ದು ಹೀಗೆ. ಸಾರು ಉಳಿಯುವುದೂ ನಿಂತಿತು, ಯಾಕೆಂದರೆ ಕೊಂಕಣದ ಗಡಿಯ ಗಲಾಟೆಯಲ್ಲಿ ಕೆಲವು ದಿನ ಸಾರೇ ಆಗುತ್ತಿರಲಿಲ್ಲ.

ಒಮ್ಮೆ ಅವರು, "ಹಿಂದಿನಾಂವ ಏನೇನ ಮಾಡಿದ್ದ, ಬಾಜೂ ರಾಜ್ಯದಾಂವ ಏನ ಮಾಡಿದ್ದ, ಎಲ್ಲಾ ಓದಿ ಹೇಳು" ಎಂದರು. ಕಚೇರಿಯ ಹಾಳೆಗಳ ಬೆನ್ನ ಮೇಲೆ ಮುದ್ರಿಸಿ ಇಟ್ಟಿದ್ದ ಹಳೆಯ ಆದೇಶಗಳನ್ನು ತಂದು, ಡೋಣಿಯದೊಂದು ಘಟಪ್ರಭಾದೊಂದು ಎಂದು ವಾರವಾರವೂ ಕನ್ನಡದಲ್ಲಿ ಓದುತ್ತ ಹೋದೆ. ಒಂಬತ್ತನೆಯ ವಾರಕ್ಕೆ ಬಂದಾಗ ಅತ್ತೆ ಕೈ ಎತ್ತಿದರು.

"ತಡಿ. ಇಲ್ಲಿ ಇಂವ ಧಾನ್ಯಾ ಬರ್ತದ ಅಂತ ಹೊಳಿ ದಂಡ್ಯಾಗ ನಿಂತಾನ. ಬಾಜೂದಾಂವ ಕಳಿಸಿಲ್ಲ?"

"ಇಲ್ರಿ. ಘಟಪ್ರಭಾ ಆ ವಾರ ಹೊಳಿ ದಾಟೂ ಜಾಗಾನ ಮುಚ್ಚಿದ್ರು. ಅದು ನನ್ನ ಕಣ್ಣಿಗೆ ಮಣ್ಣೆರಚೂ ನಾಟಕ ಅಂದುಕೊಂಡಿದ್ದೆ."

"ಮುಂದಿನ ವಾರ?"

"ಆಗೂ ಮುಚ್ಚ್ಯದ."

"ಅದರ ಮುಂದಿಂದು?"

ಓದಿದೆ. ಯಾರೂ ಕೇಳದೆ ಐನೂರು ಗಾಡಿ ಧಾನ್ಯ ಬಿಜಾಪುರಕ್ಕೆ ಹೋಗಿತ್ತು.

ಅತ್ತೆ ಮೊರ ಕೆಳಗಿಟ್ಟರು. "ನಾಟಕಕ್ಕ ಯಾರರ ಮೂರನೇ ಪಾಲು ದಂಡ ಕಳಕೋತಾರೇನ? ತನ್ನ ಜೋಡಿ ತಾನ ಯಾರ ಎರಡು ವಾರ ಮಾತ ಬಿಡ್ತಾರ? ಇದು ಮನ್ಯಾಗಿನ ಜಗಳಾ ಸುಮಾ. ಸಿಟ್ಟಿಗೆದ್ದಾಳ, ಹಾಕಿಲ್ಲ. ಆಮ್ಯಾಲ ಹೊಟ್ಟಿ ಸುಟ್ಟದ, ಕೇಳದನ ಹಾಕ್ಯಾಳ. ಇವರು ಇಬ್ಬರವಾ. ಇಕಿ ಖರೇನ ಹೆಂಡ್ತಿ."

ಮೂರೂ ವಾರದ ಹಾಳೆ ಮತ್ತೆ ನೋಡಿದೆ, ಅತ್ತೆ ಹೇಳಿದ್ದೇ ಸರಿ. ಅದೇ ಹೊತ್ತಿಗೆ ಇನ್ನೊಂದು ಮಾತೂ ಹೊಳೆಯಿತು. ನನ್ನ ಮನೆಯ ಒಂದೇ ಐಪಿ ಸಂಖ್ಯೆಯಿಂದ ಈಗ ಇಬ್ಬರು ಹೆಂಗಸರು ಆ ಆಟದಲ್ಲಿದ್ದೇವೆ. ಒಬ್ಬಳನ್ನು ಎಲ್ಲರೂ ಸರ್ ಎನ್ನುತ್ತಾರೆ. ಆ ಸರ್, ಇನ್ನೊಂದು ಗಣಕದ ಮುಂದೆ ಒಬ್ಬ ಹೆಂಗಸು ಕೂತಿರಬಹುದು ಎಂದು ನಂಬದೆ ಹೋದಳು. ಬೇರೆ ಯಾರು ನಂಬದಿದ್ದರೂ ನಾನು ನಂಬಬೇಕಿತ್ತು. ನಾಚಿಕೆ ಎಂದರೆ ಏನೆಂದು ನನಗೆ ಅಂದು ತಿಳಿಯಿತು.

ಮುಂದಿನ ಭಾನುವಾರವೇ ಹೊರಟೆ. ಅತ್ತೆ, "ನಾನೂ ಬರ್ತೇನಿ, ಆ ರಾಜ್ಯಾ ನನ್ನ ಕೈಯಾಗ ಅದ" ಎಂದು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಸಿದ್ಧರಾದರು. ಮಡಗಾಂವದಲ್ಲಿ ಬಸ್ಸು ಬದಲಿಸಿದೆವು. ಕುಡಚಡೆ ಹತ್ತಿರವಾದಂತೆ ಅದಿರಿನ ಲಾರಿಗಳ ಸಾಲು, ರಸ್ತೆ ಕೆಂಪು, ಎಲೆ ಕೆಂಪು, ಅಂಗಡಿಯ ಬೋರ್ಡು ಕೆಂಪು. "ಇಲ್ಲಿ ಗಿಡಕ್ಕೂ ಕುಂಕುಮ ಹಚ್ಚ್ಯಾರಲ್ಲ" ಎಂದರು ಅತ್ತೆ. ನನಗೆ ನಗು ಬರಲಿಲ್ಲ.

ಕೆಫೆಯಲ್ಲಿ ಆರು ಗಣಕ. ಮೂಲೆಯದರಲ್ಲಿ ನಮ್ಮ ಫೋರಮ್ಮಿನ ನೀಲಿ ಪುಟ ದೂರದಿಂದಲೇ ಗುರುತು ಸಿಕ್ಕಿತು. ಅದರ ಮುಂದೆ ತೆಳ್ಳನೆಯ ಒಬ್ಬರು ಕೂತು ಹೋದ ಬುಧವಾರದ ಫಲಿತಾಂಶ ಓದುತ್ತಿದ್ದರು. ಆಟದಿಂದ ಹೊರಹಾಕಿದ ಮೇಲೂ ಓದಲು ಬರುತ್ತಿದ್ದರು ನೋಡಿ!

"ಡೋಣಿ ಅಂದ್ರ ನೀವ ಏನ್ರಿ?" ಎಂದೆ.

ಅವರು ಎದ್ದು ನಿಂತರು. "ಹೌದ್ರಿ. ನೀವು?"

"ಕೊತ್ವಾಲ್."

ಅವರು ನನ್ನ ಬೆನ್ನ ಹಿಂದೆ, ಬಾಗಿಲ ಕಡೆ ನೋಡಿದರು. "ಸರ್ ಹೊರಗ ಅದಾರೇನ್ರಿ?"

"ನಾನ ಸರ್" ಎಂದೆ. ಅತ್ತೆ ನಡುವೆ ಬಂದು, "ನಾ ಈಗಿನ ಬಿಜಾಪುರ" ಎಂದರು. ಆ ಮನುಷ್ಯ ಮತ್ತೆ ಕುರ್ಚಿಯಲ್ಲಿ ಕೂತುಬಿಟ್ಟರು.

ಅವರ ಹೆಸರು ಮಲ್ಲಪ್ಪ, ಬಿಜಾಪುರದ ಕಡೆಯವರು. ಅದಿರಿನ ಲಾರಿ ತೂಗುವ ಕಾಟಾದಲ್ಲಿ ಗುಮಾಸ್ತ. ಹೆಂಡತಿ ಶೋಭಾ, ಗೋಕಾಕದ ಕಡೆಯವಳು. "ಆಕಿ ಈಗ ಇಲ್ಲಿಗೆ ಬರೂದ ಬಿಟ್ಟಾಳ್ರಿ" ಎಂದರು. ಹತ್ತಿರದ ಚಾಳಿನಲ್ಲಿ ಅವರ ಮನೆ. ಶೋಭಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮಲ್ಲಪ್ಪ ವಿಷಯ ಹೇಳಿದರು. ಅವಳು ದಾರ ಕತ್ತರಿಸಿ, ಬಟ್ಟೆ ಮಡಿಸಿ ಬದಿಗಿಟ್ಟಳು. ಕೂಡ್ರಿ ಎಂದಳು. ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಕ್ಷಮೆಯ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನಿಮ್ಮ ರಾಜ್ಯ ನಿಮಗೆ ವಾಪಸು ಕೊಡುತ್ತೇನೆ ಎಂದೆ.

"ರಾಜ್ಯದ್ದಲ್ರಿ ಮಾತು" ಎಂದಳು ಶೋಭಾ. ಗೂಡಿನಲ್ಲಿ ಬೆನ್ನು ಹರಿದ ಒಂದು ಇಂಗ್ಲಿಷ್-ಕನ್ನಡ ನಿಘಂಟು ಇತ್ತು, ಅದರ ಕಡೆ ಕೈ ತೋರಿಸಿದಳು. "ನಾ ಪಿಯುಸಿ ಕಲತಾಕಿ. ನಿಮಗ ಕಳಸೂ ಹತ್ತು ಸಾಲು ಬರ್ಯಾಕ ನನಗ ಎರಡ ತಾಸು ಹತ್ತತಿತ್ರಿ. ಶನಿವಾರ ಮನ್ಯಾಗ ಬರದು, ಭಾನುವಾರ ಅಲ್ಲಿ ಹೋಗಿ ಒಂದೊಂದ ಅಕ್ಷರಾ ಒತ್ತತಿದ್ದೆ. ಅದನ್ನೆಲ್ಲಾ ನಮ್ಮನಿಯವರು ಬರದಾರ ಅಂತ ನೀವು ಬರದ್ರಿ. ಎಲ್ಲಾರೂ ಓದಿದ್ರು."

ನಾನು ಆ ನಿಘಂಟನ್ನು ಕೈಗೆ ತೆಗೆದುಕೊಂಡೆ. ಶೋಭಾ ಮಾತು ಮುಂದುವರಿಸಿದಳು.

"ನನಗ ಬ್ಯಾರೆ ಏನೂ ಬ್ಯಾಡ್ರಿ. ನಾ ಒಬ್ಬಾಕಿ ಅದೇನಿ ಅಂತ ಬರೀರಿ. ಎಲ್ಲೋ ಮೂಲ್ಯಾಗ ಅಲ್ಲ. ಆ ತೀರ್ಪು ಎಲ್ಲಿ ನಿಲ್ಲಿಸೀರಿ, ಅಲ್ಲೇ ಬರೀರಿ."

ಅತ್ತೆ ಅವಳ ಕಡೆ ಬಾಗಿದರು. "ನೋಡವಾ, ನಾನೂ ಇಕಿ ಮನ್ಯಾಗ ಕದ್ದು ಆಡೇನಿ. ಅದನ್ನೂ ಅಲ್ಲೇ ಬರಸ್ತೇನಿ" ಎಂದರು. ಆಮೇಲೆ ಮಲ್ಲಪ್ಪನತ್ತ ತಿರುಗಿ, "ನಿನ್ನ ಅರ್ಧಾ ಕುದುರಿ ಮಾರೇನಪಾ. ಜ್ವಾಳಾ ತುಂಬಸೇನಿ" ಎಂದರು.

"ಕುದುರಿ ಮಾರಿದ್ರ್ಯಾ?" ಎಂದು ಮಲ್ಲಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡರು. ಶೋಭಾ ಆಗ ಮೊದಲ ಸಲ ನಕ್ಕಳು.

ಹೊರಡುವಾಗ ಅತ್ತೆ ತಡೆಯಲಾರದೆ ಕೇಳಿಯೇಬಿಟ್ಟರು: "ಆ ಎರಡು ವಾರ ಹೊಳಿ ಮುಚ್ಚಿದ್ದೆಲಾ, ಯಾಕವಾ?"

"ತವರಮನಿಗೆ ಈ ಸಲ ಹೋಗೂದು ಬ್ಯಾಡ ಅಂದಿದ್ರು ಇವರು" ಎಂದಳು ಶೋಭಾ, ಗಂಡನನ್ನು ನೋಡದೆ. ಅತ್ತೆ ನನ್ನ ಕಡೆ ಒಂದು ನೋಟ ಬೀರಿದರು. ಆ ನೋಟದ ಜಂಭವನ್ನು ಮಡಗಾಂವದವರೆಗೂ ಸಹಿಸಬೇಕಾಯಿತು.

ಸೋಮವಾರ ಸಂಜೆ ಬರೆಯಲು ಕೂತೆ. ಹಳೆಯ ತೀರ್ಪನ್ನು ಅಳಿಸಲಿಲ್ಲ, ಅದರ ಮೇಲೆಯೇ ಬರೆದೆ. ಡೋಣಿ ಮತ್ತು ಘಟಪ್ರಭಾ ಇಬ್ಬರು ವ್ಯಕ್ತಿಗಳು, ನಾನು ಕಂಡು ಮಾತಾಡಿಸಿ ಬಂದಿದ್ದೇನೆ. ಘಟಪ್ರಭಾ ತನ್ನ ಆದೇಶಗಳನ್ನೆಲ್ಲ ತಾನೇ ಬರೆದಿದ್ದಾಳೆ. ನನ್ನ ತೀರ್ಪು ತಪ್ಪು. ಇಷ್ಟು ವಾರ ಬಿಜಾಪುರ ಆಳಿದ್ದು ನನ್ನ ಅತ್ತೆ, ಅದು ನಿಯಮಕ್ಕೆ ವಿರುದ್ಧ, ಅದಕ್ಕೂ ನಾನೇ ಹೊಣೆ. ಕೊನೆಯದಾಗಿ, ನಾನು ಸರ್ ಅಲ್ಲ. ಬೇರೆ ಪಂಚ ಬೇಕೆಂದರೆ ಇಂದೇ ಬಿಡುತ್ತೇನೆ. ಕಳಿಸುವ ಗುಂಡಿ ಒತ್ತಿದೆ. ಆರು ವರ್ಷ ಕಟ್ಟಿದ ಕಟ್ಟೆಯನ್ನು ನಾನೇ ಕೆಡವುತ್ತಿದ್ದೇನೆ ಎನಿಸಿತು.

ಒಬ್ಬರು ಹೇಳದೆ ಕೇಳದೆ ಬಿಟ್ಟುಹೋದರು. ಪುಣೆಯವರು ಮಾತ್ರ ಒಂದೇ ಸಾಲು ಬರೆದರು: ಹಾಗಾದರೆ ಕೊಂಕಣದಲ್ಲಿ ನನ್ನನ್ನು ಸೋಲಿಸಿದ್ದು ನಿಮ್ಮ ಅತ್ತೆಯೇ? ಹೌದು ಎಂದೆ. ಅವರೂ ಸಿಟ್ಟಿನಿಂದ ಹೋದರು. ಮೂರು ವಾರ ಬಿಟ್ಟು ಬಂದು, ಜೋಳದ ಗಾಡಿ ಎಷ್ಟಿದ್ದರೆ ಸಾಕು ಎಂದು ಅತ್ತೆಯವರನ್ನು ಕೇಳಿ ಹೇಳಿ ಎಂದರು. ಉಳಿದವರು ನಾನೇ ಪಂಚಳಾಗಿರಲಿ ಎಂದರು. ಒಂದು ಸಂಖ್ಯೆಯಿಂದ ಇಬ್ಬರು ಬಂದರೆ ಪಂಚಳು ಹೋಗಿ ನೋಡಬೇಕು, ಆಗದಿದ್ದರೆ ಫೋನು ಮಾಡಿ ಇಬ್ಬರ ಜೊತೆಗೂ ಮಾತಾಡಬೇಕು ಎಂಬ ಹೊಸ ನಿಯಮ ಬರೆದೆ. ಪಂಚನ ಮನೆಯವರು ಆಡುವಂತಿಲ್ಲ ಎಂಬ ನಿಯಮ ಹಾಗೆಯೇ ಉಳಿಯಿತು. ಬಿಜಾಪುರ ಬಿಟ್ಟುಕೊಡುವಾಗ ಅತ್ತೆಗೆ ಸಂಕಟವಾಯಿತು, ನನಗೆ ಗೊತ್ತು. "ಇರ್ಲಿ ಬಿಡು, ಆಡೂದಕ್ಕಿಂತ ನೋಡೂದ ಚಲೋ" ಎಂದರು. ಬುಧವಾರದ ಫಲಿತಾಂಶವನ್ನು ನಾನು ಎಲ್ಲರಿಗಿಂತ ಮೊದಲು ಅವರಿಗೆ ಓದಿ ಹೇಳಬೇಕೆಂದು ಕರಾರಾಯಿತು.

ಮಲ್ಲಪ್ಪ ಮತ್ತು ಶೋಭಾ ಮರಳಿ ಬಂದ ಮೊದಲ ಭಾನುವಾರ. ಡೋಣಿಯಿಂದ ಎಂದಿನಂತೆ ಉದ್ದನೆಯ ಆದೇಶ ಬಂತು, ಹೊಸ ಕುದುರೆಗಳಿಗಾಗಿ ನಾಲ್ಕು ದಿಕ್ಕಿಗೂ ಜನ ಕಳಿಸಿದ್ದರು. ಘಟಪ್ರಭಾದಿಂದ ಮೂರೇ ಸಾಲು. ಓದಿದೆ, ಇನ್ನೊಮ್ಮೆ ಓದಿದೆ, ಆಮೇಲೆ ಅತ್ತೆಯನ್ನು ಕೂಗಿದೆ. ವಿಜಯನಗರದ ಅಷ್ಟೂ ದಂಡು ಹೊಳೆ ದಾಟಿ ರಾಯಚೂರಿನ ಮೇಲೆ ಹೊರಟಿತ್ತು. ರಾಯಚೂರು ಬಿಜಾಪುರದ್ದು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

ಫಲಿತಾಂಶ ಬರೆದ ಮರುದಿನ ಕಚೇರಿಗೆ ಫೋನು ಬಂತು. ಮಲ್ಲಪ್ಪ. ಕಾಟಾದಿಂದಲೇ ಮಾಡಿದ್ದರು, ಹಿಂದೆ ಲಾರಿಗಳ ಸದ್ದು.

"ಮೇಡಂ, ನಮ್ಮಾಕಿ ರಾಯಚೂರ ತಗೊಂಡಾಳ್ರಿ!"

"ಹೌದ್ರಿ, ನಾನ ಬರದೇನಲ್ಲ. ಮನ್ಯಾಗ ಏನಂದ್ರು?"

"ಏನೂ ಅಂದಿಲ್ರಿ. ಚಹಾ ಮಾಡಿ ಕೊಟ್ಟಳು. ನಾನ ಕೇಳಿದೆ, ಯಾಕ ಬಂದಿ ನನ್ನ ಮ್ಯಾಲೆ ಅಂತ. 'ಇನ್ನ ಯಾರೂ ನಮ್ಮನ್ನ ಒಬ್ಬರ ಅನ್ನೂದಿಲ್ಲ' ಅಂದ್ಳು." ಅವರ ದನಿಯಲ್ಲಿ ಸೋತ ಬೇಸರ ಎಳ್ಳಷ್ಟೂ ಇರಲಿಲ್ಲ. "ಇಲ್ಲಿ ಡ್ರೈವರ್ ಮಂದಿಗೆಲ್ಲಾ ಹೇಳಾಕತ್ತೇನ್ರಿ, ನನ್ನ ಹೆಂಡ್ತಿ ನನ್ನ ಸೋಲಿಸ್ಯಾಳ ಅಂತ."

ತೂಕಕ್ಕೆ ನಿಂತ ಲಾರಿಯೊಂದು ಹಾರ್ನ್ ಹೊಡೆಯಿತು, ಅದರ ಹಿಂದಿನದೂ ಹೊಡೆಯಿತು. ಮಲ್ಲಪ್ಪ ಫೋನು ಇಡಲಿಲ್ಲ. ಶೋಭಾ ದಂಡನ್ನು ಯಾವ ದಾರಿಯಿಂದ ತಂದಳು, ಎಲ್ಲಿ ಹೊಳೆ ದಾಟಿಸಿದಳು ಎಂದು ನನಗೇ ವಿವರವಾಗಿ ಹೇಳತೊಡಗಿದರು.